ಹಾಡಲು ಬರುವುದಿಲ್ಲ ಎನ್ನುವವರನ್ನೂ ಕೂಡಿಸಿಕೊಂಡು ಹಾಡುವುದು ಹೇಗೆ?

ಪ್ರಶ್ನೆ | ಬರೆದವರು: ಸಂಜೆಯ ಗುಂಪು

ಎಲ್ಲರಿಗೂ ನಮಸ್ಕಾರ.

ನಾನು ವಿದುಷಿಯಲ್ಲ. ಚಿಕ್ಕಂದಿನಲ್ಲಿ ಐದಾರು ವರ್ಷ ಪಾಠ ಹೇಳಿಸಿಕೊಂಡು, ನೌಕರಿ ಸಂಸಾರಗಳ ನಡುವೆ ಬಿಟ್ಟು, ನಿವೃತ್ತಿಯ ಬಳಿಕ ಮತ್ತೆ ಹಾಡತೊಡಗಿದವಳು. ಏಳು ತಿಂಗಳ ಹಿಂದೆ ನಾನೂ ನನ್ನ ಹಳೆಯ ಸಹೋದ್ಯೋಗಿಯೊಬ್ಬರೂ ಸೇರಿ, ವಾರಕ್ಕೆ ಒಂದು ಸಂಜೆ ಒಂದು ಗಂಟೆಯ ಹೊತ್ತು ಯಾರು ಬೇಕಾದರೂ ಬಂದು ದನಿಗೂಡಿಸಬಹುದಾದ ಸಮೂಹ ಗಾಯನದ ಗುಂಪೊಂದನ್ನು ಆರಂಭಿಸಿದೆವು. ಮೊದಲ ವಾರ 26 ಜನ ಬಂದಿದ್ದರು. ಎಂಟು ವರ್ಷದ ಹುಡುಗಿಯಿಂದ ಹಿಡಿದು ಎಂಬತ್ತರ ಹತ್ತಿರದ ಹಿರಿಯರವರೆಗೆ ಎಲ್ಲರೂ ಇದ್ದರು. ಈಗ ಉಳಿದಿರುವವರು 11 ಮಂದಿ, ಮತ್ತು ಆ ಹನ್ನೊಂದೂ ಮಂದಿ ಗುಂಪಿಗೆ ಬರುವ ಮೊದಲೇ ಚೆನ್ನಾಗಿ ಹಾಡುತ್ತಿದ್ದವರೇ ಆಗಿದ್ದಾರೆ. ಯಾರಿಗಾಗಿ ಗುಂಪನ್ನು ಕಟ್ಟಿದೆವೋ ಅವರೇ ಸದ್ದಿಲ್ಲದೆ ಜಾರಿಕೊಂಡರು ಎಂಬುದು ನನ್ನನ್ನು ಕಾಡುತ್ತಿದೆ.

ಕಾರಣಗಳನ್ನು ನಾನೇ ಊಹಿಸಿ ಬರೆಯುವುದಕ್ಕಿಂತ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಒಬ್ಬ ಹಿರಿಯ ಮಹಿಳೆ ನಾಲ್ಕು ವಾರ ತಪ್ಪದೆ ಬಂದರು. ಪಲ್ಲವಿ ಬಂದಾಗಲೆಲ್ಲ ಅವರ ತುಟಿ ಆಡುತ್ತಿತ್ತು, ಆದರೆ ಪಕ್ಕದಲ್ಲೇ ಕುಳಿತ ನನಗೆ ಅವರ ದನಿ ಒಮ್ಮೆಯೂ ಕೇಳಿಸಲಿಲ್ಲ. ಹಾಡು ಮೇಲಿನ ಸ್ವರಕ್ಕೆ ಏರುವಾಗ ಗಂಡಸರಲ್ಲಿ ಅರ್ಧದಷ್ಟು ಜನ ಸುಮ್ಮನಾಗುತ್ತಿದ್ದರು, ಕೆಳಗಿಳಿಯುವಾಗ ಮಕ್ಕಳ ದನಿ ಮಾಯವಾಗುತ್ತಿತ್ತು. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಒಬ್ಬರನ್ನು ಅವರ ಮಗಳು ಕರೆತರುತ್ತಿದ್ದಳು. ಅವರು ಏನು ಮಾಡಬೇಕೆಂದು ಹೇಳಲು ನಮಗೆ ತಿಳಿಯಲಿಲ್ಲ. ಶ್ರವಣಸಾಧನ ಧರಿಸುವ ಒಬ್ಬರು, ಎಲ್ಲರೂ ಒಟ್ಟಿಗೆ ಹಾಡತೊಡಗಿದ ಕೂಡಲೇ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಎಲ್ಲಕ್ಕಿಂತ ನೋವಿನ ಸಂಗತಿಯೆಂದರೆ, ಧ್ವನಿ ಒಡೆಯುತ್ತಿದ್ದ ಹದಿಮೂರರ ಹುಡುಗನೊಬ್ಬನಿಗೆ ನನ್ನ ಜೊತೆಗಾರರು, "ನೀನು ಸುಮ್ಮನೆ ಬಾಯಿ ಆಡಿಸು ಮರಿ, ಸಾಕು" ಎಂದರು. ಕೆಟ್ಟ ಉದ್ದೇಶದಿಂದ ಹೇಳಿದ ಮಾತಲ್ಲ. ಆದರೆ ಹುಡುಗ ಮರುವಾರ ಬರಲಿಲ್ಲ, ಅವನ ತಂಗಿಯೂ ಬರಲಿಲ್ಲ.

ಹೀಗಿರುವಾಗ ಇಂಥ ಗುಂಪಿನಲ್ಲಿ ಶ್ರುತಿಯನ್ನು, ಅಂದರೆ ಹಾಡಿಗೆ ಆಧಾರವಾದ ಸ್ವರದ ಎತ್ತರವನ್ನು, ಹೇಗೆ ಹಿಡಿಯಬೇಕು, ತನಗೆ ಕಂಠವೇ ಇಲ್ಲ ಎಂದು ನಂಬಿದವರನ್ನು ಹೇಗೆ ಹಾಡಿಸಬೇಕು, ದೇಹದ ಅಥವಾ ಇಂದ್ರಿಯಗಳ ತೊಡಕು ಇರುವವರಿಗೆ ನಾವು ಏನೇನು ಸಿದ್ಧತೆ ಮಾಡಿಕೊಳ್ಳಬೇಕು ಎಂಬುದನ್ನು ಅನುಭವವಿರುವವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ 1 | ಬರೆದವರು: ಪಾಠದ ಮೇಷ್ಟ್ರು

ಮೇಡಂ, ನಿಮ್ಮ ಬರಹದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಗಂಡಸರು ಮೇಲೆ ಸುಮ್ಮನಾಗುತ್ತಾರೆ, ಮಕ್ಕಳು ಕೆಳಗೆ ಸುಮ್ಮನಾಗುತ್ತಾರೆ ಎಂಬ ಸಾಲು. ಇದು ಜನರ ದೋಷವಲ್ಲ, ಶ್ರುತಿಯ ದೋಷ. ನೀವು ನಿಮಗೆ ಒಗ್ಗುವ ಶ್ರುತಿಯಲ್ಲೇ ಹಾಡು ಎತ್ತಿಕೊಳ್ಳುತ್ತಿದ್ದೀರಿ ಎಂದು ನನ್ನ ಅನುಮಾನ. ಪಾಠ ಕಲಿತ ಹೆಂಗಸರು ಸಾಮಾನ್ಯವಾಗಿ ಐದು, ಐದೂವರೆ ಮನೆಯ (ಮನೆ ಎಂದರೆ ಹಾರ್ಮೋನಿಯಂನ ಕೀಲಿ, ಬಿಳಿಯವನ್ನು ಒಂದರಿಂದ ಎಣಿಸುತ್ತಾರೆ, ನಡುವಿನ ಕಪ್ಪು ಅರ್ಧ) ಶ್ರುತಿಯಲ್ಲಿಯೂ ಗಂಡಸರು ಒಂದು ಮನೆಯ ಆಸುಪಾಸಿನಲ್ಲಿಯೂ ಹಾಡುತ್ತಾರೆ. ಈ ಎರಡರ ನಡುವಿನ ಅಂತರ ಪೂರ್ತಿ ಒಂದು ಸ್ಥಾಯಿಯಲ್ಲವಾದ್ದರಿಂದ (ಸ್ಥಾಯಿ ಎಂದರೆ ಒಂದು ‘ಸ’ದಿಂದ ಅದರ ಮೇಲಿನ ‘ಸ’ದವರೆಗಿನ ಹರವು), ಒಬ್ಬರಿಗೆ ಹದವಾದದ್ದು ಇನ್ನೊಬ್ಬರಿಗೆ ಒಂದೋ ಗಂಟಲು ಹರಿಯುವಷ್ಟು ಮೇಲೆ, ಇಲ್ಲವೇ ಗೊಣಗುವಷ್ಟು ಕೆಳಗೆ ಹೋಗುತ್ತದೆ.

ಮುಂದಾಳು ತನ್ನ ಶ್ರುತಿಯನ್ನು ಮರೆತು ಹಾಡಿನ ಹರವನ್ನು ನೋಡಬೇಕು. ಹಾಡಿನ ಅತಿ ಕೆಳಗಿನ ಸ್ವರ ಯಾವುದು, ಅತಿ ಮೇಲಿನದು ಯಾವುದು ಎಂದು ಮೊದಲೇ ಹಾರ್ಮೋನಿಯಂ ಮೇಲೆ ಹಿಡಿದು ನೋಡಿರಿ. ಕೆಳಗಿನ ಸ್ವರ ಆರನೆಯ ಮನೆಗಿಂತ ಕೆಳಗಿಳಿಯದೆ, ಮೇಲಿನದು ಅಲ್ಲಿಂದ ಒಂದು ಸ್ಥಾಯಿ ದಾಟಿದ ಮೇಲೆ ಸಿಗುವ ಎರಡನೆಯ ಮನೆಯನ್ನು ಮೀರದೆ ಇರುವಂತೆ ಷಡ್ಜವನ್ನು (‘ಸ’ ಸ್ವರವನ್ನು) ಇಟ್ಟುಕೊಂಡರೆ, ಗಂಡಸರು ಕೆಳಗಿನ ಸ್ಥಾಯಿಯಲ್ಲಿ, ಹೆಂಗಸರೂ ಮಕ್ಕಳೂ ಅದಕ್ಕಿಂತ ಒಂದು ಸ್ಥಾಯಿ ಮೇಲೆ ಅದನ್ನೇ ಹಾಡಬಹುದು. ತರಬೇತಿಯಿಲ್ಲದ ಬಹುಪಾಲು ಕಂಠಗಳಿಗೆ ಇದು ನಿಲುಕುತ್ತದೆ. ಒಂದೂವರೆ ಸ್ಥಾಯಿಗಿಂತ ಹೆಚ್ಚು ಹರವಿರುವ ಹಾಡನ್ನು, ಅದು ಎಷ್ಟೇ ಚೆಂದವಿರಲಿ, ಸಮೂಹದ ಪಟ್ಟಿಯಿಂದ ತೆಗೆದುಬಿಡಿ. ಅದನ್ನು ಒಬ್ಬರು ಹಾಡಲಿ, ಮಿಕ್ಕವರು ಕೇಳಲಿ.

ವಯಸ್ಸಿನ ಮಾತು. ಎಂಟರ ಹುಡುಗಿಗೆ ಮಂದ್ರ (ತಗ್ಗಿನ ಸ್ಥಾಯಿ) ಬಾರದು. ಹುಡುಗರಿಗೆ ಹನ್ನೆರಡರಿಂದ ಹದಿನೈದರ ನಡುವೆ ಧ್ವನಿತಂತುಗಳು ಉದ್ದವಾಗಿ ದಪ್ಪಗಾಗಿ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಆ ತಿಂಗಳುಗಳಲ್ಲಿ ಅವರ ಹಿಡಿತದಲ್ಲಿರುವುದು ಕೆಲವೊಮ್ಮೆ ನಾಲ್ಕೈದು ಸ್ವರಗಳಷ್ಟೇ, ಅವೂ ವಾರದಿಂದ ವಾರಕ್ಕೆ ಜಾಗ ಬದಲಿಸುತ್ತವೆ. ಮುಪ್ಪಿನಲ್ಲಿ ಹೆಂಗಸರ ದನಿ ತಗ್ಗುತ್ತದೆ, ಗಂಡಸರ ದನಿ ತೆಳುವಾಗಿ ತುಸು ಮೇಲೇರುವುದೂ ಉಂಟು. ಆ ಹದಿಮೂರರ ಹುಡುಗನಿಗೆ ಕೊಡಬೇಕಾಗಿದ್ದ ಕೆಲಸ ಬಾಯಿ ಆಡಿಸುವುದಲ್ಲ. ಅವನ ಹಿಡಿತದಲ್ಲಿರುವ ಒಂದು ಸ್ವರವನ್ನು, ಷಡ್ಜವೋ ಪಂಚಮವೋ (‘ಪ’ ಸ್ವರವೋ) ಆಗುವಂತೆ ಹೊಂದಿಸಿ, ಶ್ರುತಿಪೆಟ್ಟಿಗೆಯ ಜೊತೆ ಎಳೆದು ನಿಲ್ಲಿಸಲು ಹೇಳಬೇಕಾಗಿತ್ತು. ಹಾಡಿನ ಕೆಳಗೆ ಒಂದು ಸ್ವರ ನಿಂತರೆ ಇಡೀ ಗುಂಪಿಗೆ ಆಸರೆ ಸಿಗುತ್ತದೆ. ಅದು ಬೇಡದವನಿಗೆ ಒದಗಿಸಿದ ಕೆಲಸವಲ್ಲ, ನಿಜವಾಗಿಯೂ ಬೇಕಾದ ಕೆಲಸ.

ಇನ್ನು ಕಂಠವಿಲ್ಲ ಎನ್ನುವವರು. ಸ್ವರದ ಏರಿಳಿತವನ್ನು ಹುಟ್ಟಿನಿಂದಲೇ ಗುರುತಿಸಲಾಗದವರು ಇದ್ದಾರೆ, ಆದರೆ ಅವರ ಪ್ರಮಾಣ ಜನಸಂಖ್ಯೆಯ ಶೇಕಡಾ 1.5ರಷ್ಟು ಎಂಬುದು ಈ ವಿಷಯದ ಸಂಶೋಧಕರ ಅಂದಾಜು. ನಮ್ಮ ನಡುವೆ "ನನಗೆ ಬರುವುದಿಲ್ಲ" ಎನ್ನುವವರ ಸಂಖ್ಯೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅವರಲ್ಲಿ ಹೆಚ್ಚಿನವರ ಕಿವಿ ಸರಿಯಾಗಿಯೇ ಇರುತ್ತದೆ, ಕೇಳಿದ ಸ್ವರಕ್ಕೆ ಗಂಟಲನ್ನು ಕೂಡಿಸುವ ಅಭ್ಯಾಸ ಮಾತ್ರ ಇರುವುದಿಲ್ಲ. ಇದರಲ್ಲಿ ಯಾರ ದನಿಗೆ ಕೂಡಿಸಬೇಕು ಎಂಬುದೂ ಮುಖ್ಯ. ಗಂಡಸಿನ ಮಾತಿನ ದನಿ ಸೆಕೆಂಡಿಗೆ ಸುಮಾರು 110 ಕಂಪನಗಳ ಆಸುಪಾಸಿನಲ್ಲಿದ್ದರೆ ಹೆಂಗಸಿನದು 200ರ ಆಸುಪಾಸಿನಲ್ಲಿರುತ್ತದೆ. ನಾನು ಷಡ್ಜ ಕೊಟ್ಟರೆ ಪುಟ್ಟ ಮಗು ಅದೇ ಸ್ವರವನ್ನು ಮೇಲಿನ ಸ್ಥಾಯಿಯಲ್ಲಿ ಹುಡುಕಬೇಕೆಂದು ತಿಳಿಯದೆ, ನನ್ನ ಹಾಗೆಯೇ ತಗ್ಗಿಸಿ ಹಾಡಲು ಹೋಗಿ ಗೊಗ್ಗರು ದನಿ ತೆಗೆಯುತ್ತದೆ. ಅದೇ ಸ್ವರವನ್ನು ಇನ್ನೊಂದು ಮಗು ಕೊಟ್ಟರೆ ತಟ್ಟನೆ ಹಿಡಿಯುತ್ತದೆ.

ನಾನು ಮಾಡುವ ಒಂದು ಉಪಾಯವನ್ನು ಹೇಳುತ್ತೇನೆ. ಹೊಸಬರಿಗೆ ನಾನು ಸ್ವರ ಕೊಡುವುದಿಲ್ಲ, ಅವರಿಂದ ತೆಗೆದುಕೊಳ್ಳುತ್ತೇನೆ. "ನಿಮಗೆ ಸುಲಭವಾದ ಒಂದು ಸ್ವರದಲ್ಲಿ ಊಂ ಎನ್ನಿ" ಎಂದು ಕೇಳಿ, ಅವರು ಎಲ್ಲಿ ನಿಂತರೋ ಅಲ್ಲಿಗೆ ಇಡೀ ಗುಂಪು ಹೋಗಿ ಸೇರುತ್ತದೆ. ತನ್ನ ದನಿಗೆ ಇಪ್ಪತ್ತು ಜನ ಬಂದು ಕೂಡಿಕೊಂಡದ್ದನ್ನು ಕೇಳಿದಾಗ ಅವರ ಮುಖದಲ್ಲಿ ಮೂಡುವ ಆಶ್ಚರ್ಯವನ್ನು ನೀವೇ ನೋಡಬೇಕು. ಅಲ್ಲಿಂದ ಅರ್ಧ ಸ್ವರ ಮೇಲೆ, ಅರ್ಧ ಸ್ವರ ಕೆಳಗೆ ಎಲ್ಲರೂ ಒಟ್ಟಾಗಿ ಸರಿಯುತ್ತೇವೆ. ಒಬ್ಬೊಬ್ಬರನ್ನೇ ಎಬ್ಬಿಸಿ ಹಾಡಿಸಿ ಪರೀಕ್ಷಿಸುವ ಪದ್ಧತಿಯನ್ನಂತೂ ಇಟ್ಟುಕೊಳ್ಳಲೇಬೇಡಿ.

ಉತ್ತರ 2 | ಬರೆದವರು: ವಾಕ್ ಚಿಕಿತ್ಸಕಿ

ಮೇಷ್ಟ್ರು ಶ್ರುತಿಯ ಬಗ್ಗೆ ಬರೆದುದರಿಂದ ನಾನು ಆ ದಾರಿಗೆ ಹೋಗುವುದಿಲ್ಲ. ಪಾರ್ಶ್ವವಾಯು ಆದವರ ವಿಷಯವನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಗುಂಪು ನಡೆಸುವವರು ಅತಿ ಹೆಚ್ಚು ಅಂಜುವುದೂ, ಅತಿ ಹೆಚ್ಚು ಬೆರಗಾಗುವುದೂ ಅಲ್ಲಿಯೇ.

ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದು ಮಾತು ಹೋದವರಲ್ಲಿ ಕೆಲವರು, ಒಂದು ಲೋಟ ನೀರು ಬೇಕೆಂದು ಹೇಳಲಾಗದವರೂ, ಬಾಯಿಪಾಠವಾಗಿದ್ದ ಹಾಡಿನ ಪದಗಳನ್ನು ಸ್ಪಷ್ಟವಾಗಿ ಹಾಡುತ್ತಾರೆ. ಇದನ್ನು ವೈದ್ಯರು ಹದಿನೆಂಟನೆಯ ಶತಮಾನದಿಂದಲೂ ಗಮನಿಸಿದ್ದಾರೆ. 1973ರಲ್ಲಿ ಅಮೆರಿಕದ ಬಾಸ್ಟನ್ನಿನ ತಜ್ಞರು ಇದನ್ನೇ ಆಧಾರವಾಗಿಟ್ಟುಕೊಂಡು, ದಿನಬಳಕೆಯ ಚಿಕ್ಕ ಮಾತುಗಳನ್ನು ಎರಡು ಸ್ವರಗಳ ನಡುವೆ ಏರಿಳಿಸಿ ಹಾಡುತ್ತ, ಒಂದೊಂದು ಅಕ್ಷರಕ್ಕೂ ಎಡಗೈಯಿಂದ ತಟ್ಟಿಸುವ ಚಿಕಿತ್ಸಾಕ್ರಮವನ್ನು ರೂಪಿಸಿದರು. ಅಲ್ಲಿ ನೆರವಾಗುವುದು ರಾಗವೋ, ಲಯವೋ, ಬಾಯಿಪಾಠವೋ ಎಂಬ ಚರ್ಚೆ ಸಂಶೋಧಕರ ನಡುವೆ ಈಗಲೂ ನಡೆದಿದೆ. ನಿಮಗೆ ಬೇಕಾದ ಪಾಠವಿಷ್ಟೇ: ಅವರಿಗೆ ಮೊದಲಿನಿಂದ ಗೊತ್ತಿರುವ ಹಾಡನ್ನು, ನಿಧಾನಗತಿಯಲ್ಲಿ, ತೊಡೆಯ ಮೇಲೆ ತಾಳ ತಟ್ಟಿಕೊಂಡು ಹಾಡಿಸಿ. ಮಗಳನ್ನು ಕೇಳಿ, ತಂದೆಯವರು ಯೌವನದಲ್ಲಿ ಯಾವ ಹಾಡು ಗುನುಗುತ್ತಿದ್ದರೆಂದು ತಿಳಿದುಕೊಳ್ಳಿ. ಪದ ಬಾರದಿದ್ದರೆ "ಲಾ ಲಾ" ಎಂದರೂ ಸಾಕು, ತಾಳ ಹಾಕಿದರೂ ಸಾಕು. ಆದರೆ ಅವರು ಒಂದು ಪಲ್ಲವಿಯನ್ನು ಪೂರ್ತಿ ಹಾಡಿದ ಕೂಡಲೇ, "ನೋಡಿ, ಮಾತು ಬಂತು! ಈಗ ನಿಮ್ಮ ಹೆಸರು ಹೇಳಿ" ಎಂದು ಮಾತ್ರ ಯಾರೂ ಮುಗಿಬೀಳಬಾರದು. ಹಾಡಿನಲ್ಲಿ ಬಂದ ಪದ ಮಾತಿನಲ್ಲಿ ಬರುತ್ತದೆಂಬ ಭರವಸೆಯಿಲ್ಲ, ಆ ನಿರಾಸೆಯನ್ನು ತುಂಬಿದ ಸಭೆಯಲ್ಲಿ ಅವರ ಮೇಲೆ ಹೇರುವುದು ಕ್ರೌರ್ಯವಾಗುತ್ತದೆ. ಹಾಡು ಅಲ್ಲಿ ಚಿಕಿತ್ಸೆಯಾಗಿ ಬೇಡ, ಹಾಡಾಗಿಯೇ ಇರಲಿ.

ಮರೆವಿನ ಕಾಯಿಲೆ ಇರುವವರಿಗೂ ಹದಿಹರೆಯದಿಂದ ಮೂವತ್ತರೊಳಗೆ ಕೇಳಿದ ಹಾಡುಗಳು ಗಟ್ಟಿಯಾಗಿ ಉಳಿದಿರುವ ಸಾಧ್ಯತೆ ಹೆಚ್ಚು. ಹೊಸ ಹಾಡು ಕಲಿಸಬಾರದೆಂದಲ್ಲ. ಆದರೆ ಪ್ರತಿವಾರ ಒಂದೇ ಹಾಡಿನಿಂದ ಆರಂಭಿಸಿ ಒಂದೇ ಹಾಡಿನಿಂದ ಮುಗಿಸಿದರೆ, ಈಗ ಏನು ನಡೆಯುತ್ತಿದೆ ಎಂಬ ಗೊಂದಲ ಅವರಿಗೆ ಕಡಿಮೆಯಾಗುತ್ತದೆ. ಪಾರ್ಕಿನ್ಸನ್ಸ್ (ಮೈ ನಡುಕ ತರುವ ನರರೋಗ) ಇರುವವರ ದನಿ ತಮಗೇ ಅರಿವಿಲ್ಲದೆ ಕ್ಷೀಣಿಸುತ್ತದೆ. ಅವರನ್ನು ಗಟ್ಟಿ ದನಿಯವರ ಪಕ್ಕದಲ್ಲಿ ಕೂರಿಸಿ, ಇನ್ನೂ ಜೋರಾಗಿ ಎಂದು ಉತ್ತೇಜಿಸಬಹುದು. ತೊದಲುವ ಮಕ್ಕಳು ಹಾಡುವಾಗ ಸಾಮಾನ್ಯವಾಗಿ ತೊದಲುವುದಿಲ್ಲ. ಅದನ್ನು ಎಲ್ಲರ ಮುಂದೆ ಎತ್ತಿ ಆಡಿ ತೋರಿಸಬೇಡಿ, ಅಷ್ಟೇ. ಉಸಿರಿನ ತೊಂದರೆ ಇರುವವರಿಗೆ ಸಾಲಿನ ನಡುವೆ ಎಲ್ಲಿ ಬೇಕಾದರೂ ಉಸಿರೆಳೆದುಕೊಳ್ಳಬಹುದೆಂದು ಬಾಯಿಬಿಟ್ಟು ಹೇಳಿ. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಹಾಡುತ್ತಿರುವುದರಿಂದ ಸಾಲು ಎಲ್ಲಿಯೂ ಕಡಿಯುವುದಿಲ್ಲ. ಒಂಟಿಯಾಗಿ ಹಾಡುವಾಗ ಸಿಗದ ಸೌಕರ್ಯವಿದು.

ಶ್ರವಣಸಾಧನವನ್ನು ಜೇಬಿಗೆ ಹಾಕಿಕೊಂಡವರದು ಮೊಂಡುತನವಲ್ಲ. ಆ ಯಂತ್ರಗಳನ್ನು ಮುಖ್ಯವಾಗಿ ಮಾತಿಗಾಗಿ ಹೊಂದಿಸಿರುತ್ತಾರೆ. ಸಾಧನ ತಾನೇ ಕೀರಲು ಶಬ್ದ ಮಾಡದಂತೆ ತಡೆಯುವ ವ್ಯವಸ್ಥೆಯೊಂದು ಅದರೊಳಗಿದ್ದು, ಎಳೆದು ಹಿಡಿದ ಸ್ವರವನ್ನೂ ಅದು ಕೀರಲೆಂದೇ ತಪ್ಪು ತಿಳಿದು ಅಡಗಿಸಲು ಹೋಗುವುದರಿಂದ, ಧರಿಸಿದವರಿಗೆ ಆ ಸ್ವರ ನಡುಗಿದಂತೆ, ಒಡೆದಂತೆ ಕೇಳಿಸುತ್ತದೆ. ಅನೇಕ ಸಾಧನಗಳಲ್ಲಿ ಸಂಗೀತಕ್ಕೆಂದು ಬೇರೆ ಪ್ರೋಗ್ರಾಂ ಇರುತ್ತದೆ ಅಥವಾ ಹಾಕಿಸಬಹುದು. ಶ್ರವಣತಜ್ಞರನ್ನು ಕೇಳಲು ಅವರಿಗೆ ಹೇಳಿ. ಅಲ್ಲಿಯವರೆಗೆ ಗುಂಪಿನ ನಡುವೆ ಕೂರಿಸದೆ, ಮುಂದಾಳಿನ ಮುಖ ನೇರವಾಗಿ ಕಾಣುವಂತೆ ಅಂಚಿನಲ್ಲಿ ಕೂರಿಸಿ. ಪೂರ್ತಿ ಕಿವುಡರಾದವರೂ ಬರಬಹುದು. ಸಂಜ್ಞಾಭಾಷೆಯಲ್ಲಿ ಹಾಡುವ ವೃಂದಗಳಿವೆ. ಕೆಲವರು ಉಬ್ಬಿಸಿದ ಬಲೂನನ್ನು ಅಂಗೈಗಳ ನಡುವೆ ಹಿಡಿದು ದನಿಯ ಕಂಪನವನ್ನು ಅನುಭವಿಸುತ್ತಾರೆ.

ಸಾಹಿತ್ಯದ ಹಾಳೆಯ ಬಗ್ಗೆ ಒಂದು ಮಾತು. ದೊಡ್ಡಕ್ಷರವೆಂದರೆ ಕನಿಷ್ಠ 18 ಪಾಯಿಂಟ್ ಎಂಬ ಲೆಕ್ಕವೊಂದಿದೆ, ಆದರೆ ನಮ್ಮ ಲಿಪಿಗೆ ಅಕ್ಷರದ ಗಾತ್ರ ಮಾತ್ರ ಸಾಲದು. ಒತ್ತಕ್ಷರಗಳು ಕೆಳಗೆ ಜೋತುಬೀಳುವುದರಿಂದ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡದಿದ್ದರೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲಿ, ಮಂದ ದೃಷ್ಟಿಯವರಿಗೆ ಎರಡೂ ಕಲಸಿಹೋಗುತ್ತವೆ. ಹೊಳೆಯುವ ಕಾಗದ ಬೇಡ. ಕಣ್ಣು ಕಾಣದವರಿಗೂ ಓದು ಬಾರದವರಿಗೂ ಒಂದೇ ಪರಿಹಾರ: ಮುಂದಾಳು ಒಂದು ಸಾಲು ಹಾಡುವುದು, ಹಿಂದೆಯೇ ಎಲ್ಲರೂ ಅದನ್ನು ಎತ್ತಿಕೊಳ್ಳುವುದು. ಗಾಲಿಕುರ್ಚಿಯವರನ್ನು ಸಾಲಿನ ಕೊನೆಗೆ ತಳ್ಳದೆ, ಎಲ್ಲರೂ ಕುಳಿತೇ ಹಾಡುವ ಹಾಗೆ ದುಂಡಗೆ ಕುರ್ಚಿ ಹಾಕಿ ಆ ಸುತ್ತಿನಲ್ಲೇ ಒಂದು ಕುರ್ಚಿಯ ಜಾಗ ಖಾಲಿ ಬಿಡಿ. ಗದ್ದಲ ಸಹಿಸಲಾಗದ ಮಕ್ಕಳಿಗೆ ಬಾಗಿಲ ಹತ್ತಿರ ಒಂದು ಜಾಗ ಇರಲಿ, ಎದ್ದು ಹೋಗಿ ಮತ್ತೆ ಬಂದರೆ ಯಾರೂ ತಿರುಗಿ ನೋಡದಿರಲಿ.

ಕಿಟಕಿಗಳನ್ನು ತೆರೆದಿಡಿ. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ಕೌಂಟಿಯಲ್ಲಿ ಎರಡೂವರೆ ಗಂಟೆಯ ಒಂದು ವೃಂದಗಾನದ ಅಭ್ಯಾಸಕ್ಕೆ ಬಂದಿದ್ದ 61 ಜನರಲ್ಲಿ, ಸೋಂಕು ಹೊತ್ತು ಬಂದ ಒಬ್ಬರೂ ಸೇರಿ 53 ಮಂದಿಗೆ ಕೋವಿಡ್ ದೃಢಪಟ್ಟಿತು ಅಥವಾ ಬಂದಿರುವ ಸಾಧ್ಯತೆ ಕಂಡಿತು, ಇಬ್ಬರು ತೀರಿಕೊಂಡರು. ಹಿರಿಯರೂ ಶ್ವಾಸಕೋಶ ದುರ್ಬಲವಾದವರೂ ಬರುವ ಗುಂಪಿನಲ್ಲಿ, ನೆಗಡಿಯಾದವರು ಆ ವಾರ ಮನೆಯಲ್ಲೇ ಉಳಿಯುವುದು ಸಂಕೋಚದ ವಿಷಯವಾಗಬಾರದು.

ಉತ್ತರ 3 | ಬರೆದವರು: ಎರಡನೆಯ ಸಾಲಿನ ಗಾಯಕ

ಮೇಲಿನ ಇಬ್ಬರೂ ಹೇಳಿದ್ದನ್ನು ಗೌರವದಿಂದ ಓದಿದ್ದೇನೆ. ಆದರೂ ಯಾರಾದರೊಬ್ಬರು ಹೇಳಲೇಬೇಕಾದ ಮಾತೊಂದು ಉಳಿದಿದೆ. ನಿಮ್ಮ ಹನ್ನೊಂದು ಮಂದಿಯ ಗತಿಯೇನು? ಅವರು ಏಳು ತಿಂಗಳು ತಪ್ಪದೆ ಬಂದವರು. ಎಲ್ಲವನ್ನೂ ಒಂದೂವರೆ ಸ್ಥಾಯಿಯೊಳಗೆ, ನಿಧಾನಗತಿಯಲ್ಲಿ, ಒಂದೇ ಹಾಡಿನಿಂದ ಆರಂಭಿಸಿ ಒಂದೇ ಹಾಡಿನಿಂದ ಮುಗಿಸುತ್ತ ಹೋದರೆ ಮೂರು ತಿಂಗಳಲ್ಲಿ ಅವರಿಗೆ ಬೇಸರ ಹತ್ತುತ್ತದೆ, ಮತ್ತು ಗಟ್ಟಿಯಾಗಿ ಶ್ರುತಿ ಹಿಡಿಯುವ ನಾಲ್ಕು ಜನ ಹೊರಟುಹೋದರೆ ಉಳಿದವರ ಹಾಡು ನಿಲ್ಲುವುದೂ ಕಷ್ಟ. ಒಳ್ಳೆಯ ಹಾಡು ಬೇಕೆನ್ನುವುದು ಅಹಂಕಾರವಲ್ಲ. ಕೆಟ್ಟದಾಗಿ ಹಾಡಿದ ಹಾಡು ಹಾಡುವವನಿಗೂ ಸಂತೋಷ ಕೊಡುವುದಿಲ್ಲ, ಇದನ್ನು ನಾನು ವೃಂದದಲ್ಲಿ ಹಾಡುವವನಾಗಿಯೇ ಹೇಳುತ್ತಿದ್ದೇನೆ.

ಎಸ್ಟೋನಿಯಾ ದೇಶದ ಗಾಯನೋತ್ಸವ 1869ರಲ್ಲಿ ತಾರ್ತು ನಗರದಲ್ಲಿ ಆರಂಭವಾಯಿತು. ಈಗ ಐದು ವರ್ಷಕ್ಕೊಮ್ಮೆ ತಾಲಿನ್ ನಗರದಲ್ಲಿ ಸುಮಾರು 30,000 ಜನ ಒಂದೇ ವೇದಿಕೆಯ ಮೇಲೆ ನಿಂತು ಹಾಡುತ್ತಾರೆ. ಅಷ್ಟು ದೊಡ್ಡ ಸಮುದಾಯದ ಹಾಡಿಗೂ ವೃಂದಗಳನ್ನು ಪರೀಕ್ಷಿಸಿಯೇ ಆರಿಸುತ್ತಾರೆ, ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಆದರೆ ಎಲ್ಲರಿಗೂ ಗೊತ್ತಿರುವ ಹಾಡು ಬಂದಾಗ ಎದುರಿನ ಮೈದಾನದಲ್ಲಿರುವ ಜನಸಾಗರವೂ ದನಿಗೂಡಿಸುತ್ತದೆ. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳ ಈ ಉತ್ಸವಗಳು 2008ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದವು. ಅಭ್ಯಾಸ ಮಾಡಿದವರೂ ಮಾಡದವರೂ ಒಂದೇ ಹಾಡಿನೊಳಗೆ ಇರಬಹುದು, ಆದರೆ ಇಬ್ಬರ ಕೆಲಸ ಒಂದೇ ಆಗಬೇಕಾಗಿಲ್ಲ ಎಂಬುದಷ್ಟೇ ನನ್ನ ವಾದ. ಪಳಗಿದವರಿಗೆ ಮೇಲಿನ ಎರಡನೆಯ ದನಿಯನ್ನೋ (ಮುಖ್ಯ ಹಾಡಿನ ಜೊತೆಗೆ ಬೇರೆ ಸ್ವರಗಳಲ್ಲಿ ಸಾಗುವ ದನಿ), ಚರಣಗಳನ್ನೋ, ಹಿಮ್ಮೇಳದ ಹೊಣೆಯನ್ನೋ ಕೊಡಿ. ಒಂದು ಗಂಟೆ ಮುಗಿದ ಮೇಲೆ ಅವರಿಗೆಂದೇ ಅರ್ಧ ಗಂಟೆ ಸೇರಿಸಿ.

ಉತ್ತರ 4 | ಬರೆದವರು: ತಡವಾಗಿ ಬಂದವನು

ಎರಡನೆಯ ಸಾಲಿನ ಗಾಯಕರೇ, ಹೊಣೆಗಳು ಬೇರೆಬೇರೆ ಇರಲಿ ಎಂಬುದನ್ನು ಒಪ್ಪುತ್ತೇನೆ, ಪಳಗಿದವರಿಗೆ ಬೇರೆ ಅರ್ಧ ಗಂಟೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಆ ಅರ್ಧ ಗಂಟೆ ಎಲ್ಲರ ಗಂಟೆಯ ಕೊನೆಗೆ ಬರಕೂಡದು. ಒಂದು ಗಂಟೆಯಾದ ಮೇಲೆ, "ಇನ್ನು ಹಾಡಲು ಬರುವವರು ಮಾತ್ರ ಉಳಿಯಿರಿ" ಎಂಬಂತಾದರೆ, ಎದ್ದು ಹೋಗುವವರ ಬೆನ್ನಿಗೆ ಏನು ಕೇಳಿಸುತ್ತದೆಂದು ಯೋಚಿಸಿ. ಅದನ್ನು ಮೊದಲಿಗೆ ಇಟ್ಟುಕೊಳ್ಳಿ, ಅವರು ಮುಂಚೆಯೇ ಬಂದು ಅಭ್ಯಾಸ ಮುಗಿಸಿಕೊಂಡಿರಲಿ. ಉಳಿದವರು ಬರುವಾಗ ಹಾಡು ಆಗಲೇ ನಡೆದಿರುತ್ತದೆ, ಒಳಗೆ ಕಾಲಿಡುವ ಸಂಕೋಚವೂ ಕಡಿಮೆಯಾಗುತ್ತದೆ.

ನಾನು ಆ ಹದಿಮೂರರ ಹುಡುಗನ ಕಡೆಯವನು. ನಾನು ಓದಿದ ಶಾಲೆಯಲ್ಲಿ ವಾರ್ಷಿಕೋತ್ಸವದ ಸಮೂಹಗಾನಕ್ಕೆ ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ತುಟಿ ಆಡಿಸು, ದನಿ ಬೇಡ ಎಂದಿದ್ದರು. ಅಂದು ಒಂಬತ್ತು ವರ್ಷ. ಆಮೇಲೆ ಹಾಡಿದ್ದು 52ನೆಯ ವಯಸ್ಸಿನಲ್ಲಿ, ಗೆಳೆಯನೊಬ್ಬ ಬಲವಂತದಿಂದ ಕರೆದುಕೊಂಡು ಹೋದ ಗುಂಪಿನಲ್ಲಿ. ಮೊದಲ ಎರಡು ವಾರ ನಾನೂ ನಿಮ್ಮ ಆ ಹಿರಿಯ ಮಹಿಳೆಯ ಹಾಗೆ ತುಟಿಯನ್ನಷ್ಟೇ ಆಡಿಸಿದೆ. ಆ ನಲವತ್ತಮೂರು ವರ್ಷಗಳಲ್ಲಿ ಯಾರಾದರೂ ಹಾಡೆಂದರೆ, "ನನ್ನ ದನಿ ಕೇಳಿದರೆ ಮಳೆ ನಿಂತೀತು" ಎಂದು ನಗಿಸಿ ತಪ್ಪಿಸಿಕೊಳ್ಳುವ ಕಲೆ ಕರಗತವಾಗಿತ್ತು. ಮೂರನೆಯ ವಾರ ದೀಪ ಹೋಗಿ ಕೋಣೆ ಕತ್ತಲಾಯಿತು. ಯಾರ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ, ಹಾಡು ನಿಲ್ಲಲಿಲ್ಲ, ನನ್ನ ಗಂಟಲಿನಿಂದ ದನಿ ಹೊರಬಂತು. ದೀಪ ಬಂದಾಗ ಪಲ್ಲವಿಯ ಮಧ್ಯದಲ್ಲಿದ್ದೆ, ಅಲ್ಲಿ ನಿಲ್ಲಿಸಲು ನಾಚಿಕೆಯಾಗಿ ಮುಂದುವರಿಸಿದೆ. ಹಾಗೆಂದು ಪ್ರತಿವಾರ ದೀಪ ಆರಿಸಲು ಹೇಳುತ್ತಿಲ್ಲ, ಕಿವಿ ಮಂದವಾದವರಿಗೆ ಮುಂದಾಳಿನ ಮುಖ ಕಾಣಬೇಕಲ್ಲ. ಹೊಸಬರ ಎದುರಿಗೆ ಯಾರನ್ನೂ ಕೂರಿಸಬೇಡಿ, ಎರಡೂ ಪಕ್ಕದಲ್ಲಿ ಹಾಡುವವರನ್ನು ಕೂರಿಸಿ, ಅವರ ದನಿ ಬಂತೋ ಇಲ್ಲವೋ ಎಂದು ತಿಂಗಳುಗಟ್ಟಲೆ ಕಾಯಬೇಕಾದರೂ ಕೇಳಬೇಡಿ.

ಒಂದು ಅಧ್ಯಯನ ನೆನಪಾಗುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ್ದು. ವಯಸ್ಕರಿಗಾಗಿ ನಡೆದ ಏಳು ತಿಂಗಳ ತರಗತಿಗಳಲ್ಲಿ ಹಾಡು ಕಲಿಯುವ ಗುಂಪುಗಳನ್ನೂ ಕರಕುಶಲ ಮತ್ತು ಬರವಣಿಗೆಯ ಗುಂಪುಗಳನ್ನೂ ಹೋಲಿಸಿದರು. ಕೊನೆಯಲ್ಲಿ ಎಲ್ಲ ಗುಂಪುಗಳಲ್ಲೂ ಆತ್ಮೀಯತೆ ಬೆಳೆದಿತ್ತು, ಆದರೆ ಹಾಡುವವರಲ್ಲಿ ಅದು ಬಹಳ ಬೇಗ ಬೆಳೆದಿತ್ತು. ಹಾಗಾಗಿ ಮೊದಲ ತಿಂಗಳು ಬಲು ಮುಖ್ಯ. ನಿಮ್ಮಲ್ಲಿ ಜನ ಜಾರಿಕೊಂಡದ್ದೂ ಆಗಲೇ ಇರಬೇಕು.

ಪ್ರಶ್ನೆ ಕೇಳಿದವರ ಮರುಬರಹ | ಸಂಜೆಯ ಗುಂಪು

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಮೇಷ್ಟ್ರ ಅನುಮಾನ ನಿಜವಾಗಿತ್ತು. ನಾನು ಐದೂವರೆ ಮನೆಯನ್ನು ಕಣ್ಣುಮುಚ್ಚಿ ಹಿಡಿಯುತ್ತಿದ್ದೆ. ಈಗ ಪ್ರತಿ ಹಾಡಿನ ಮೇಲೂ ಪೆನ್ಸಿಲಿನಲ್ಲಿ ಶ್ರುತಿಯನ್ನು ಗುರುತು ಮಾಡಿಕೊಳ್ಳುತ್ತೇನೆ. ನಾನು ಪ್ರೀತಿಯಿಂದ ಆರಿಸಿದ್ದ ಮೂರು ಹಾಡುಗಳು ಹರವು ಹೆಚ್ಚಾಯಿತೆಂದು ಪಟ್ಟಿಯಿಂದ ಹೊರಗೆ ಹೋದವು, ಸ್ವಲ್ಪ ಸಂಕಟವಾಯಿತು. ಪಳಗಿದವರು ಅರ್ಧ ಗಂಟೆ ಮೊದಲು ಬರುತ್ತಾರೆ. ಇಬ್ಬರಿಗೆ ಈ ವ್ಯವಸ್ಥೆ ಹಿಡಿಸದೆ ಬಿಟ್ಟರು, ಉಳಿದ ಒಂಬತ್ತು ಮಂದಿಗೆ ಎರಡನೆಯ ದನಿಯ ರುಚಿ ಹತ್ತಿದೆ.

ನಿಂತುಹೋಗಿದ್ದವರ ಮನೆಗಳಿಗೆ ಹೋಗಿ ಕರೆದೆವು. ಕಳೆದ ವಾರ ಒಟ್ಟು 19 ಜನ ಇದ್ದರು. ಪಾರ್ಶ್ವವಾಯು ಆದವರ ಮಗಳು ತಂದೆಯ ಮೆಚ್ಚಿನ ಹಾಡನ್ನು ಹೇಳಿಕೊಟ್ಟಳು. ಅವರು ಎರಡನೆಯ ಸುತ್ತಿನಲ್ಲಿ ಎಡಗೈಯಿಂದ ತಟ್ಟತೊಡಗಿ, ನಾಲ್ಕನೆಯ ಸುತ್ತಿಗೆ ಪಲ್ಲವಿಯ ಕೊನೆಯ ಮೂರು ಪದಗಳನ್ನು ಹಾಡಿದರು. ಚಿಕಿತ್ಸಕಿಯವರು ಎಚ್ಚರಿಸಿದ್ದರಿಂದ ನಾವು ಯಾರೂ ಏನೂ ಅನ್ನದೆ ಐದನೆಯ ಸುತ್ತಿಗೆ ಹೋದೆವು. ಮಗಳು ಮಾತ್ರ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದಳು.

ಹುಡುಗ ಇನ್ನೂ ಬಂದಿಲ್ಲ. ನನ್ನ ಜೊತೆಗಾರರು ತಾವೇ ಹೋಗಿ ಅವನಲ್ಲಿ ಕ್ಷಮೆ ಕೇಳಿದರು, ಶ್ರುತಿ ಹಿಡಿಯುವವರು ಬೇಕಾಗಿದ್ದಾರೆಂದೂ ಹೇಳಿದರು. ಅವನು "ನೋಡೋಣ ಅಂಕಲ್" ಎಂದನಂತೆ. ತಂಗಿ ಬರುತ್ತಿದ್ದಾಳೆ.

ಕೊನೆಯದಾಗಿ ಒಂದು ಸಂದೇಹ. ಐದಾರು ಚರಣಗಳಿರುವ ಹಾಡುಗಳನ್ನು ಎಲ್ಲರಿಗೂ ಹೇಗೆ ಒಗ್ಗಿಸಬೇಕು? ಹಾಳೆ ನೋಡಲಾಗದವರು ಚರಣ ಬಂದೊಡನೆ ಹಿಂದೆ ಬೀಳುತ್ತಾರೆ, ಸಾಲು ಸಾಲಾಗಿ ಹೇಳಿಕೊಡಲು ಹೋದರೆ ಒಂದೇ ಹಾಡಿಗೆ ಅರ್ಧ ಗಂಟೆ ಹಿಡಿಯುತ್ತದೆ.

ಉತ್ತರ 5 | ಬರೆದವರು: ಪಾಠದ ಮೇಷ್ಟ್ರು

ಚರಣಗಳನ್ನು ಎಲ್ಲರಿಗೂ ಕಲಿಸಬೇಡಿ. ಪಲ್ಲವಿ ಎಲ್ಲರದು, ಚರಣ ಇಬ್ಬಿಬ್ಬರದು. ಒಂಬತ್ತು ಮಂದಿ ಪಳಗಿದವರಿದ್ದಾರಲ್ಲ, ಒಬ್ಬೊಬ್ಬ ಪಳಗಿದವರ ಜೊತೆಗೆ ಹೊಸಬರೊಬ್ಬರನ್ನು ಕೂಡಿಸಿ ಒಂದೊಂದು ಚರಣ ಕೊಟ್ಟರೆ, ಹೊಸಬರು ವಾರಕ್ಕೆ ನಾಲ್ಕು ಸಾಲು ಕಲಿತರೆ ಸಾಕಾಗುತ್ತದೆ. ಚರಣದ ಕೊನೆಯ ಪದವನ್ನು ತುಸು ಎಳೆದು ನಿಲ್ಲಿಸಲು ಅವರಿಗೆ ಹೇಳಿ. ಪಲ್ಲವಿಗೆ ಬರಬೇಕಾದವರೆಲ್ಲ ಅಷ್ಟರಲ್ಲಿ ಉಸಿರು ಎಳೆದುಕೊಳ್ಳುತ್ತಾರೆ, ಕಣ್ಣು ಕಾಣದವರಿಗೂ ಅದೇ ಸನ್ನೆಯಾಗುತ್ತದೆ. ಆ ಹುಡುಗನ ಕುರ್ಚಿಯನ್ನು ತೆಗೆಯಬೇಡಿ, ಶ್ರುತಿಪೆಟ್ಟಿಗೆಯ ಪಕ್ಕದಲ್ಲೇ ಇರಲಿ.